ಮೊದಲು ಬೆಲ್ಲ, ಆಮೇಲೆ ಹಲಗೆ

ನಮ್ಮೂರ ಊರಮ್ಮನ ಗುಡಿಯಲ್ಲಿ, ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ. ಒಳಗೆ ಬೆಲ್ಲದ ಚೂರು. ಹೊಸದಾಗಿ ಬಂದ ಸೊಸೆಯರು ಅದನ್ನು ನೈವೇದ್ಯದ ಬೆಲ್ಲ ಅಂದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾರೆ. ಅದು ದೇವರ ಬೆಲ್ಲ ಅಲ್ಲ, ಮನುಷ್ಯರ ಬೆಲ್ಲ. ಅದನ್ನು ಅಲ್ಲಿ ಇಡಿಸಿದವಳು ನಮ್ಮ ಪಕ್ಕದ ಮನೆಯಾಕೆ.

ಆಕೆ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಸತ್ತ ಕೂಡಲೇ ಎಲ್ಲರನ್ನೂ ಒಳ್ಳೆಯವರು ಅನ್ನುವ ರೂಢಿ ನನಗಿಲ್ಲ. ಆಕೆಯ ಬಾಯಿ ಜೋರು. ಹಟ ಇನ್ನೂ ಜೋರು. ಇಸಕೊಂಡು ಹೋದ ಮೊರ ತಾನಾಗಿ ತಂದುಕೊಟ್ಟ ನೆನಪು ನನಗಿಲ್ಲ. ಆದರೂ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಈ ಊರಿಗೆ ನಾವಿಬ್ಬರೂ ಒಂದೇ ಸುಗ್ಗಿಯಲ್ಲಿ ಸೊಸೆಯಾಗಿ ಬಂದವರು. ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಮೇಲೆ ನಾವು ಆಡದ ಮಾತಿಲ್ಲ, ಆಡದ ಜಗಳವಿಲ್ಲ.

ಆಕೆಯ ತವರು ತಂಬ್ರಹಳ್ಳಿ. ಪ್ರಪಂಚದಲ್ಲಿ ಏನೇ ಚೆಂದ ಕಂಡರೂ ಅದು ತಂಬ್ರಹಳ್ಳಿಯಲ್ಲಿ ಇದಕ್ಕಿಂತ ಚೆಂದ ಇತ್ತು ಅನ್ನುತ್ತಿದ್ದಳು. ರೊಟ್ಟಿ ಬಡಿದರೆ ಓಣಿಯ ತುದಿಗೆ ಕೇಳುತ್ತಿತ್ತು. ಸಿಟ್ಟು ಬಂದ ದಿನ ರೊಟ್ಟಿ ತೆಳ್ಳಗೆ ಆಗುತ್ತಿದ್ದವು, ಅಷ್ಟು ಬಡಿಯುತ್ತಿದ್ದಳು. ಮುಖ್ಯವಾದ ಮಾತು ಏನಾದರೂ ಹೇಳುವ ಮೊದಲು ಸೆರಗಿನ ತುದಿಯನ್ನು ತೋರುಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುವುದು ಆಕೆಯ ಅಭ್ಯಾಸ. ಸುತ್ತು ಬಿಚ್ಚಿದಳೆಂದರೆ ಮಾತು ಮುಗಿಯಿತು, ಇನ್ನು ನಾವು ಬಾಯಿ ಹಾಕುವಂತಿಲ್ಲ.

ಸಕ್ಕರೆ ಕಾಯಿಲೆ ಮೊದಲು ಬಂದದ್ದು ನನಗೆ. ಆಗ ಆಕೆ, ‘ಕದ್ದು ಕದ್ದು ಹೋಳಿಗಿ ತಿಂದಿ, ಅನುಭವಿಸು’ ಅಂತ ನಕ್ಕಳು. ಆಮೇಲೆ ಆಕೆಗೂ ಬಂತು. ಆಗ ನಾನು ನಕ್ಕೆ. ಅಲ್ಲಿಂದ ಇಬ್ಬರೂ ಜೊತೆಯಾಗಿ ಕೂಡ್ಲಿಗಿ ಆಸ್ಪತ್ರೆಗೆ ಹೋಗುವುದು, ಗುಳಿಗೆ ತರುವುದು ಶುರುವಾಯಿತು.

ರಕ್ತ ಪರೀಕ್ಷೆ ಅಂದರೆ ಆಕೆಗೆ ಶಾಲೆಯ ಪರೀಕ್ಷೆ ಇದ್ದಂತೆ. ಹೋಗುವ ಎರಡು ದಿನ ಮೊದಲಿನಿಂದ ಅನ್ನ ಮುಟ್ಟುತ್ತಿರಲಿಲ್ಲ, ಹಾಗಲಕಾಯಿ ಹಿಂಡಿ ಕುಡಿಯುತ್ತಿದ್ದಳು. ನಂಬರು ಕಡಿಮೆ ಬಂದರೆ ‘ಪಾಸಾದೆ’ ಅಂತ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು, ಅದರ ಮೇಲೊಂದು ಮೈಸೂರುಪಾಕು ತಿನ್ನುತ್ತಿದ್ದಳು.

‘ಲೇ, ಯಾರಿಗೆ ಮೋಸ ಮಾಡಾಕತ್ತಿ? ಡಾಕ್ಟ್ರಿಗೋ ನಿನಗೋ?’ ಅಂದೆ ಒಮ್ಮೆ.

‘ಓದಿ ಬರದ್ರ ಮೋಸ ಅಂತಾರೇನು? ನಾನು ಎರಡು ದಿನ ಓದೀನಿ’ ಅಂದಳು.

ಆಕೆಯ ಲೆಕ್ಕದಲ್ಲಿ ಜೋಳದ ರೊಟ್ಟಿ ಶುಗರ್ ಏರಿಸುವುದಿಲ್ಲ, ಏರಿಸುವುದು ಅನ್ನ ಮಾತ್ರ. ಹಾಗಾಗಿ ರೊಟ್ಟಿಗೆ ಮಿತಿ ಇಲ್ಲ. ಇನ್ನು ಪ್ರಸಾದ ಊಟವೇ ಅಲ್ಲ. ಗುಡಿಯಲ್ಲಿ ಕೊಟ್ಟ ಸಿಹಿ ಪೊಂಗಲನ್ನು ಬೊಗಸೆ ತುಂಬ ಹಾಕಿಸಿಕೊಂಡು, ‘ದೇವರು ಕೊಟ್ಟಿದ್ದು ರಕ್ತಕ್ಕ ಸೇರಲ್ಲ, ಆತ್ಮಕ್ಕ ಸೇರ್ತೈತಿ’ ಅನ್ನುತ್ತಿದ್ದಳು. ನಾನು ಓದಿದ್ದು ನಾಲ್ಕನೇ ಇಯತ್ತೆ. ಆತ್ಮ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ.

ಒಂದು ವಿಷಯದಲ್ಲಿ ಮಾತ್ರ ಆಕೆ ಬಹಳ ಶಿಸ್ತು. ಗುಳಿಗೆ ತಪ್ಪಿಸುತ್ತಿರಲಿಲ್ಲ. ಶುಕ್ರವಾರದ ಒಪ್ಪತ್ತನ್ನೂ ತಪ್ಪಿಸುತ್ತಿರಲಿಲ್ಲ. ಊರಮ್ಮನ ಪೂಜೆಯಾಗಿ ಸಂಜೆ ದೀಪ ಹಚ್ಚುವ ತನಕ ಬಾಯಿಗೆ ಒಂದು ಕಾಳು ಹಾಕುತ್ತಿರಲಿಲ್ಲ. ಅದಕ್ಕೊಂದು ಕಾರಣ ಇತ್ತು.

ಆಕೆಯ ಅತ್ತೆಯ ಮೈಮೇಲೆ ಅಮ್ಮ ಬರುತ್ತಿದ್ದಳು. ಅತ್ತೆ ಹೋದ ಮೇಲೆ ಹಿರಿಯ ಸೊಸೆಗೆ, ಅಂದರೆ ಆಕೆಯ ನೆಗೆಣ್ಣಿಗೆ ಬರಲು ಶುರುವಾಯಿತು. ಶುಕ್ರವಾರ ಗುಡಿಯ ಮುಂದೆ ತಮಟೆಯ ಹಾಗೆ ಹಲಗೆ ಬಡಿಯುತ್ತಿದ್ದಂತೆ ನೆಗೆಣ್ಣಿ ತುರುಬು ಬಿಚ್ಚುತ್ತಿದ್ದಳು, ಜನ ಕಾಲಿಗೆ ಬಿದ್ದು ಹೇಳಿಕೆ ಕೇಳುತ್ತಿದ್ದರು. ಇವಳು ಭಂಡಾರದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದಳು. ಮದುವೆಯಾದಾಗಿನಿಂದ ಹಿಡಿದ ತಟ್ಟೆ ಅದು. ಕೂದಲು ಬೆಳ್ಳಗಾದರೂ ಕೈಯಲ್ಲಿ ತಟ್ಟೆಯೇ.

ಒಂದು ದಿನ ಶೇಂಗಾ ಸುಲಿಯುತ್ತ ಕೂತಾಗ ಬೆರಳಿಗೆ ಸೆರಗು ಸುತ್ತಿದಳು.

‘ನಾನೇನ್ ಪಾಪ ಮಾಡೀನಿ ಹೇಳು. ಒಪ್ಪತ್ತು ನಾನೂ ಮಾಡ್ತೀನಿ. ಅಕ್ಕಗಿಂತ ಬಿಗಿ ಮಾಡ್ತೀನಿ. ಆಕಿ ನಡುವ ಚಾ ಕುಡೀತಾಳ.’

‘ಅಮ್ಮಗ ಚಾ ಕುಡಿಯೋರೇ ಬೇಕೇನೋ’ ಅಂದೆ.

ನಗಲಿಲ್ಲ. ‘ಒಂದ್ಸಲ, ಒಂದೇ ಒಂದ್ಸಲ ನನ್ನ ಮ್ಯಾಲೂ ಬರಬಾರದಾ’ ಅಂದು ಸುತ್ತು ಬಿಚ್ಚಿದಳು.

ಆ ಒಂದು ಸಲ ಬಂತು. ಹೇಗೆ ಬಂತು ಅಂತ ಹೇಳುತ್ತೇನೆ.

ಆ ಶುಕ್ರವಾರ ಹಡಗಲಿಯಿಂದ ಮಲ್ಲಿಗೆ ತರುವ ಬಸ್ಸು ಬರಲೇ ಇಲ್ಲ. ಹೂವಿಲ್ಲದೆ ಪೂಜಾರಿ ಮಂಗಳಾರತಿ ಎತ್ತುವುದಿಲ್ಲ. ಮಂಗಳಾರತಿಯಾಗದೆ ಒಪ್ಪತ್ತಿನವರು ಉಣ್ಣುವುದಿಲ್ಲ. ದೀಪ ಹಚ್ಚುವ ಹೊತ್ತು ಮೀರಿ ಕತ್ತಲಾಗಿತ್ತು. ಆಕೆ ಎಂದಿನಂತೆ ತಟ್ಟೆ ಹಿಡಿದು ನಿಂತಿದ್ದಳು. ಮೊದಲು ತಟ್ಟೆಯೊಳಗಿನ ಕುಂಕುಮದ ಬಟ್ಟಲು ಗಿಲಿಗಿಲಿ ಅಂತು. ಆಮೇಲೆ ತಟ್ಟೆಯೇ ಬಿತ್ತು, ಭಂಡಾರ ಚೆಲ್ಲಿತು. ನೋಡಿದರೆ ಆಕೆ ಗಡಗಡ ನಡುಗುತ್ತಿದ್ದಾಳೆ. ಬೆವರಿಗೆ ಹಣೆಯ ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿದೆ. ಕಣ್ಣು ಎಲ್ಲೋ ನೆಟ್ಟಿದೆ. ಹಿಡಿಯಲು ಹೋದವರನ್ನು ಕೊಡವಿ ಹಾಕುತ್ತಿದ್ದಾಳೆ. ನನ್ನನ್ನೇ ‘ನೀ ಯಾರು’ ಅಂದಳು.

‘ಅಮ್ಮ ಬಂದ್ಲು! ಸಣ್ಣಾಕಿ ಮ್ಯಾಲ ಅಮ್ಮ ಬಂದ್ಲು!’ ಅಂತ ಯಾರೋ ಕೂಗಿದರು. ಹಲಗೆಯವನು ಎದ್ದು ನಿಂತು ಬಡಿಯತೊಡಗಿದ. ಯಾರೋ ಕೈಗೆ ಬೇವಿನ ಸೊಪ್ಪು ತುರುಕಿದರು. ನೆಗೆಣ್ಣಿ ಅಷ್ಟು ಹೊತ್ತಿಗೆ ತನ್ನ ತುರುಬು ಬಿಚ್ಚಲು ಕೈ ಎತ್ತಿದ್ದಳು. ಕೈ ಹಾಗೇ ನಿಂತಿತು. ಸ್ವಲ್ಪ ಹೊತ್ತು ಈಕೆಯನ್ನು ನೋಡಿದಳು. ಆಮೇಲೆ ತುರುಬನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಬಂದು ಈಕೆಯ ಕಾಲಿಗೆ ಉದ್ದಕ್ಕೆ ಬಿದ್ದಳು.

‘ತಾಯೀ, ಏನ್ ತಪ್ಪಾಗೈತಿ ಹೇಳವ್ವ’ ಅಂದಳು.

‘ಹಸುವು… ಹಸುವು…’ ಅಂತಷ್ಟೇ ಈಕೆಯ ಬಾಯಲ್ಲಿ.

‘ಅಮ್ಮಗ ಹಸುವಂತ! ನೈವೇದ್ಯಕ್ಕ ಕಡಿಮಿ ಮಾಡೀರಿ!’

‘ಹೋದ್ ಸಲ ಪಾನಕ ಮಾಡ್ಲಿಲ್ಲ ನೋಡ್ರಿ, ಅದಕ್ಕ!’

ಆತುರಾತುರವಾಗಿ ನೈವೇದ್ಯದ ಬೆಲ್ಲ ಕಲಸಿ ಪಾನಕ ಮಾಡಿ ಒಂದು ಚೊಂಬು ಕುಡಿಸಿದರು. ಎಲ್ಲರೂ ಕೈ ಮುಗಿದಿದ್ದರು. ನಾನೂ ಮುಗಿದಿದ್ದೆ, ಊರೆಲ್ಲ ಮುಗಿದಾಗ ನಾನೊಬ್ಬಳು ಸೊಂಟದ ಮೇಲೆ ಕೈ ಇಟ್ಟು ನಿಲ್ಲಲಾಗುತ್ತದೆಯೇ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಆಕೆ ಕಂಬಕ್ಕೆ ಒರಗಿ ಕೂತು, ‘ನನ್ನ ತಾಟೆಲ್ಲಿ?’ ಅಂದಳು.

‘ಶಾಂತ ಆದ್ಲು ತಾಯಿ’ ಅಂತ ಜನ ಉಸಿರು ಬಿಟ್ಟರು.

ಆಕೆಯನ್ನು ಮನೆಗೆ ನಡೆಸಿಕೊಂಡು ಬಂದವಳು ನಾನು. ಕೈ ಹಿಡಿದಾಗ ತಣ್ಣಗೆ, ಒದ್ದೆ ಒದ್ದೆ. ಆಗ ನನ್ನ ತಲೆಗೆ ಹೊಳೆಯಿತು. ನೆಗೆಣ್ಣಿಯ ಮೈಮೇಲೆ ಅಮ್ಮ ಬಂದಾಗ ಆಕೆಯ ಮೈ ರೊಟ್ಟಿ ಹಂಚಿನ ಹಾಗೆ ಸುಡುತ್ತಿರುತ್ತದೆ. ಹೀಗೆ ತಣ್ಣಗೆ ಒದ್ದೆಯಾದದ್ದು ನನ್ನ ಮೈ, ಒಮ್ಮೆ ಹೊಲದಲ್ಲಿ ಕಳೆ ತೆಗೆಯುವಾಗ. ಗುಳಿಗೆ ನುಂಗಿ ಬುತ್ತಿ ಮರೆತು ಹೋಗಿದ್ದೆ. ನಮ್ಮ ಸೊಸೆ ಸಕ್ಕರೆ ಹಾಕಿದ ಚಾ ಕುಡಿಸಿದ ಮೇಲೆ ಸರಿಹೋಗಿತ್ತು.

ಮರುದಿನ ಗೋಡೆಯ ಹತ್ತಿರ ನಿಂತು ಹೇಳಿದೆ. ‘ಲೇ, ಅದು ಅಮ್ಮ ಅಲ್ಲ. ಗುಳಿಗಿ ನುಂಗಿ ಹೊಟ್ಟಿ ಖಾಲಿ ಬಿಟ್ಟಿದ್ದಿ. ನಂಗೂ ಹೊಲದಾಗ ಹಿಂಗ ಆಗಿತ್ತು.’

‘ನಿನಗ ಬಂದಿದ್ದು ನಡುಕ. ನನಗ ಬಂದಿದ್ದು ಅಮ್ಮ.’

‘ನಿನ್ನ ಕೈ ತಣ್ಣಗಿತ್ತು.’

‘ಒಬ್ಬೊಬ್ಬರಿಗೆ ಒಂದೊಂದ್ ಥರ ಬರ್ತಾಳ. ನಿನಗ ಹೊಟ್ಟಿಕಿಚ್ಚು, ಅಷ್ಟ.’

ಮಾತು ಬಿಟ್ಟಳು. ಓಣಿಗೆಲ್ಲ ಕೇಳುವಂತೆ ರೊಟ್ಟಿ ಬಡಿದಳು.

ಅಲ್ಲಿಂದ ಆಕೆಯ ನಡಿಗೆಯೇ ಬದಲಾಯಿತು. ನಳದ ಹತ್ತಿರ ಹೋದರೆ ಹೆಂಗಸರು ದಾರಿ ಬಿಡುತ್ತಿದ್ದರು. ಕೊಡ ತುಂಬಿಸಿ ತಲೆಯ ಮೇಲೆ ಎತ್ತಿಕೊಡುತ್ತಿದ್ದರು. ಪಕ್ಕದೂರಿನವನೊಬ್ಬ ಎಮ್ಮೆ ಕಳಕೊಂಡು ಬಂದು ಕೇಳಿದ. ‘ದಕ್ಷಿಣಕ್ಕ ಹುಡುಕು’ ಅಂದಳು. ಸಿಕ್ಕಿತು. ಅವನ ಹೊಲ ಇರುವುದೇ ದಕ್ಷಿಣಕ್ಕೆ, ಎಮ್ಮೆ ಇನ್ನೆಲ್ಲಿಗೆ ಹೋಗುತ್ತದೆ? ಆದರೆ ಆಕೆಯ ಮುಖದ ಕಳೆ ನೋಡಿದರೆ ನನಗೂ ಜಗಳ ಮುಂದುವರಿಸುವ ಮನಸ್ಸಾಗಲಿಲ್ಲ. ಅಷ್ಟು ವರ್ಷ ತಟ್ಟೆ ಹಿಡಿದವಳು. ಇನ್ನೊಂದು ಶುಕ್ರವಾರವೂ ಹಾಗೇ ಆಯಿತು. ಮತ್ತೆ ಹಲಗೆ, ಮತ್ತೆ ಪಾನಕ, ಮತ್ತೆ ಶಾಂತ. ನಾನು ಮಾತ್ರ ಆವತ್ತಿನಿಂದ ಗುಡಿಗೆ ಹೋಗುವಾಗ ನನ್ನ ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡೇ ಹೋಗುತ್ತಿದ್ದೆ.

ಆಮೇಲೆ ಒಂದು ಬುಧವಾರ ಆಕೆ ತವರಿಗೆ ಹೊರಟಳು. ಬಸ್ಸು ಬಂದುಬಿಟ್ಟಿತು ಅಂತ ಗುಳಿಗೆ ನುಂಗಿ, ಮಾಡಿಟ್ಟ ರೊಟ್ಟಿ ಬಿಟ್ಟು ಓಡಿದಳು. ಹಗರಿಬೊಮ್ಮನಹಳ್ಳಿ ಮುಟ್ಟುವ ಮೊದಲೇ ಬಸ್ಸಿನ ಗಾಲಿ ಪಂಕ್ಚರಾಗಿ ದಾರಿಯಲ್ಲಿ ನಿಂತಿತು. ಮಧ್ಯಾಹ್ನಕ್ಕೆ ತಂಬ್ರಹಳ್ಳಿ ಸೇರಬೇಕಾದವಳು ಸಂಜೆಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ತವರಿಗೆ ಹೋಗದೆ ವಾಪಸು ಬಂದದ್ದು ಆಕೆಯ ಜನ್ಮದಲ್ಲಿ ಅದೇ ಮೊದಲು. ಸೆರಗು ಬೆರಳಿಗೆ ಸುತ್ತಿತ್ತು.

‘ಅಮ್ಮ ಬುಧವಾರ ಬರ್ತಾಳೇನು?’ ಅಂದಳು.

‘ನಾ ಕಂಡಂಗ ಇಲ್ಲ.’

‘ಬಸ್ಸಿನ್ಯಾಗ?’

‘ಹೆಣ್ಮಕ್ಕಳಿಗೆ ಬಸ್ ಫ್ರೀ ಐತಲ್ಲ, ಬಂದಿದ್ರೂ ಬಂದಿರಬೌದು.’

‘ಮಸ್ಕಿರಿ ಬ್ಯಾಡ. ಅದ ನಡುಕ. ಅದ ಬೆವರು. ಅದ ಹಸುವು. ಹಲಿಗಿ ಒಂದು ಇದ್ದಿಲ್ಲ.’ ಆಕೆ ಹೊಸಲಿನ ಮೇಲೆ ಕೂತಳು. ‘ಬಾಜೂಕ ಕುಂತಾಕಿ ಯಾರೋ ಏನೋ, ಕಾಲಿಗೆ ಬೀಳ್ಲಿಲ್ಲ. ಶುಗರ್ ಐತೇನಬೇ ನಿನಗ ಅಂತ ಕೇಳಿ, ಮೊಮ್ಮಗಳಿಗೆ ತಂದಿದ್ದ ಜ್ಯೂಸು ಕುಡಿಸಿದ್ಲು. ಸರಿ ಹೋತು.’

ನಾನು ‘ಹೇಳಿರಲಿಲ್ಲೇನು’ ಅನ್ನಲಿಲ್ಲ. ಅನ್ನಬೇಕೆಂದು ಬಾಯಿಗೆ ಬಂದಿತ್ತು. ಆಕೆಯ ಮುಖ ನೋಡಿ ರೊಟ್ಟಿ ಪಲ್ಯ ಹಾಕಿಕೊಟ್ಟೆ.

ಮರುದಿನ ಇಬ್ಬರೂ ಕೂಡ್ಲಿಗಿಗೆ ಹೋದೆವು. ಡಾಕ್ಟ್ರಮ್ಮ ಎಲ್ಲ ಕೇಳಿಸಿಕೊಂಡರು.

‘ಗುಳಿಗೆ ಯಾವಾಗ ತಗೋತೀರಮ್ಮ?’

‘ನೀವು ಹೇಳಿದಂಗರೀ. ಊಟಕ್ಕ ಮೊದ್ಲು.’

‘ಶುಕ್ರವಾರ ಊಟ ಯಾವಾಗ?’

‘ದೀಪ ಹಚ್ಚಿದ ಮ್ಯಾಲ.’

‘ಗುಳಿಗೆ?’

‘ಹಲ್ಲುಜ್ಜಿದ ಕೂಡ್ಲೆ. ಊಟಕ್ಕ ಮೊದ್ಲ ಆತಲ್ರೀ?’

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. ‘ಗುಳಿಗೆ ನುಂಗಿ ಅರ್ಧ ಗಂಟೆಯೊಳಗೆ ತಿನ್ನಬೇಕು ಅಂತ ನಾನು ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ’ ಅಂದರು. ಆಮೇಲೆ ಬಿಡಿಸಿ ಬಿಡಿಸಿ ಹೇಳಿದರು. ಸಕ್ಕರೆ ಏರಿದರೆ ಕಣ್ಣು, ಕಾಲು, ಕಿಡ್ನಿಯನ್ನು ನಿಧಾನವಾಗಿ ತಿನ್ನುತ್ತದೆ, ಇಳಿದರೆ ನಿಂತ ಜಾಗದಲ್ಲೇ ಕೆಡವುತ್ತದೆ. ನಡುಕ, ಬೆವರು, ಹಸಿವು, ಎದುರಿಗಿದ್ದವರ ಗುರುತು ಸಿಗದೆ ಏನೇನೋ ಮಾತಾಡುವುದು, ಇವು ಅದರ ಲಕ್ಷಣ. ಆಗ ತಕ್ಷಣ ಬೆಲ್ಲವೋ ಸಕ್ಕರೆ ನೀರೋ, ಸರಿಹೋದ ಮೇಲೆ ಊಟ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ ತರಬೇಕು. ಉಪವಾಸ ಇರುವ ಮೊದಲು ಗುಳಿಗೆ ಹೇಗೆ ಅಂತ ಕೇಳಿಕೊಂಡು ಹೋಗಬೇಕು.

‘ಇಷ್ಟು ವರ್ಷ ಸಕ್ಕರಿ ಮುಟ್ಟಬ್ಯಾಡ ಅಂದ್ರಿ. ಈಗ ತಿನ್ನು ಅಂತೀರಿ’ ಅಂದಳು ಈಕೆ.

‘ನಡುಕ ಬಂದಾಗ ಅದು ಔಷಧಿ. ಮೈಸೂರುಪಾಕು ತಿನ್ನೋಕೆ ನೆಪ ಅಲ್ಲ’ ಅಂದರು ಡಾಕ್ಟ್ರಮ್ಮ. ಮೈಸೂರುಪಾಕಿನ ಸುದ್ದಿ ಅವರಿಗೆ ಹೇಗೆ ಗೊತ್ತಾಯಿತು ಅಂತ ಈಕೆ ನನ್ನನ್ನು ದುರುಗುಟ್ಟಿ ನೋಡಿದಳು.

ಎದ್ದು ಬರುವಾಗ ಬಾಗಿಲಲ್ಲಿ ನಿಂತು ಕೇಳಿದಳು. ‘ಗುಡ್ಯಾಗ ಪಾನಕ ಕೊಡದಿದ್ರ ಏನಾಕ್ಕಿತ್ರೀ?’

‘ಪುಣ್ಯಕ್ಕೆ ಕೊಟ್ಟಿದ್ದಾರೆ’ ಅಂದರು. ಅಷ್ಟು ಸಾಕಾಯಿತು.

ಬಸ್ಸಿನಲ್ಲಿ ಆಕೆ ಸೆರಗು ಬೆರಳಿಗೆ ಸುತ್ತಿಕೊಂಡು ಕೂತಳು. ನನಗೆ ತಿಳಿದದ್ದು ನಾನು ಹೇಳಿದೆ. ‘ನೀನು ಸುಮ್ನಿದ್ರೂ ನಡೀತೈತಿ. ಗುಳಿಗಿ ಹೊತ್ತು ಸರಿ ಮಾಡ್ಕೋ. ನಡುಕ ನಿಲ್ತೈತಿ. ಅಮ್ಮ ಎರಡ್ಸಲ ಬಂದ್ಲು, ಹೋದ್ಲು ಅಂತಾರ. ನಿನ್ನ ಮರ್ಯಾದಿ ನಿನ್ನ ಕಡೆ ಉಳೀತೈತಿ.’

‘ನಾಳಿ ಇನ್ನೊಬ್ಬಾಕಿ ನಡುಗಿದ್ರ?’ ಅಂದಳು. ‘ಒಪ್ಪತ್ತಿನೋರಾಗ ಶುಗರಿನೋರು ನಾನೊಬ್ಬಾಕೆನಾ? ನನಗ ಪಾನಕ ಸಿಕ್ತು. ಆಕಿಗೆ ಬೇವಿನ ಸೊಪ್ಪಿನ ಏಟು ಸಿಕ್ರ? ಹಲಿಗಿ ಬಡೀತಾ ಬಡೀತಾ ಆಕಿ ಹೋಗೇ ಬಿಟ್ರ?’

‘ಹಂಗಾರ ಹೇಳಿಬಿಡು.’

‘ಹೇಳಿದ್ರ…’ ಆಕೆ ತನ್ನ ಕಾಲುಗಳನ್ನು ನೋಡಿಕೊಂಡಳು. ಒಡೆದ ಹಿಮ್ಮಡಿ, ಬೆರಳಿಗೆ ಸವೆದ ಕಾಲುಂಗುರ. ‘ಅಕ್ಕ ಬಿದ್ದಿದ್ದು ಈ ಕಾಲಿಗೆ. ವಾಪಸ್ ಕೊಡಬೇಕಾಕ್ಕೈತಿ.’

ಕೊಟ್ಟೂರು ಕಡೆಯ ಗುಡ್ಡ ಕಾಣುವ ತನಕ ಆಕೆಯ ಬೆರಳಿನ ಸೆರಗು ಬಿಚ್ಚಲಿಲ್ಲ.

ಶುಕ್ರವಾರ ಗುಡಿಯಲ್ಲಿ ಎಂದಿಗಿಂತ ಹೆಚ್ಚು ಜನ. ಹೇಳಿಕೆ ಕೇಳಲು ಪಕ್ಕದೂರುಗಳಿಂದಲೂ ಬಂದಿದ್ದರು. ಈ ಸಲ ತಟ್ಟೆ ಹಿಡಿದು ನಿಂತವಳು ನೆಗೆಣ್ಣಿ. ಹಲಗೆಯವನು ಚರ್ಮ ಕಾಯಿಸುತ್ತ ಕೂತಿದ್ದ. ಈಕೆ ಬಂದವಳೇ ಅಮ್ಮನಿಗೆ ಕೈ ಮುಗಿದು, ಸೆರಗು ಬೆರಳಿಗೆ ಸುತ್ತಿಕೊಂಡು ಜನರ ಕಡೆ ತಿರುಗಿದಳು.

‘ಎಲ್ಲಾರೂ ಕೇಳ್ರಿ. ನನ್ನ ಮ್ಯಾಲ ಬಂದಿದ್ದು ಅಮ್ಮ ಅಲ್ಲ. ಶುಗರ್ ಇಳಿದಿತ್ತು. ಗುಳಿಗಿ ನುಂಗಿ ಉಪಾಸ ಇದ್ದೆ, ಅದಕ್ಕ ನಡುಗಿದೆ. ನೀವು ಪಾನಕ ಕೊಟ್ರಿ, ಅದರಾಗ ಬೆಲ್ಲ ಇತ್ತು, ಅದಕ್ಕ ಉಳಿದೆ.’

ಮೊದಲು ಬಾಯಿ ಬಿಟ್ಟವನು ಎಮ್ಮೆಯವನು.

‘ಹಂಗಾರ ನನ್ನ ಎಮ್ಮಿ ಸಿಕ್ಕಿದ್ದು?’

‘ನೀ ಹುಡುಕಿದಿ, ಸಿಕ್ತು. ಮೊದ್ಲ ಹುಡುಕಿದ್ರ ಮೊದ್ಲ ಸಿಕ್ತಿತ್ತು.’

ಕೆಲವರು ನಕ್ಕರು. ಕೆಲವರಿಗೆ ಸಿಟ್ಟು ಬಂತು. ‘ಅಮ್ಮನ ಹೆಸರಿನ್ಯಾಗ ಕಾಲಿಗೆ ಬೀಳಿಸಿಕೊಂಡ್ಯಲ್ಲೇ’ ಅಂತ ಒಬ್ಬ ಮುದುಕಿ ಅಂದಳು. ಗುಡಿಯೆಲ್ಲ ನೆಗೆಣ್ಣಿಯ ಕಡೆ ನೋಡಿತು. ನೆಗೆಣ್ಣಿ ತಟ್ಟೆ ಹಿಡಿದೇ ನಿಂತಿದ್ದಳು. ಮುಖ ಕಲ್ಲಾಗಿತ್ತು.

ಈಕೆ ಸೆರಗಿನ ಸುತ್ತು ಬಿಚ್ಚಿದಳು. ಹೋಗಿ, ಅಷ್ಟು ಜನರ ಮುಂದೆ, ನೆಗೆಣ್ಣಿಯ ಕಾಲಿಗೆ ಉದ್ದಕ್ಕೆ ಬಿದ್ದಳು. ಮೊಣಕಾಲು ನೋವಿನವಳು, ಏಳಲು ಆಗಲಿಲ್ಲ. ಬಿದ್ದಲ್ಲಿಂದಲೇ, ‘ಅಕ್ಕಾ, ಈಗ ಸರಿ ಆತೇನು? ಎಬ್ಸು ಮತ್ತ’ ಅಂದಳು.

ನೆಗೆಣ್ಣಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ‘ದೊಡ್ಡಾಕಿ ಆದಿ, ಬುದ್ಧಿ ಬರ್ಲಿಲ್ಲ’ ಅಂದಳು. ಬೈದಳೋ ಮೆಚ್ಚಿದಳೋ ನನಗೆ ತಿಳಿಯಲಿಲ್ಲ. ಆಮೇಲೆ ತಟ್ಟೆಯನ್ನು ನನ್ನಿಂದ ಇಸಕೊಂಡು ಈಕೆಯ ಕೈಗೇ ಕೊಟ್ಟಳು.

ಬೆಲ್ಲದ ಡಬ್ಬಿ ಬಂದದ್ದು ಆವತ್ತೇ. ಗುಡಿಯಲ್ಲಿ ಯಾರೇ ನಡುಗಲಿ, ಎಚ್ಚರ ಇದ್ದರೆ ಮೊದಲು ಬಾಯಿಗೆ ಬೆಲ್ಲ. ಸ್ವಲ್ಪ ಕಾಯಬೇಕು. ನಡುಕ ನಿಂತರೆ ಅದು ಶುಗರು, ಊಟ ಹಾಕಿ ಮನೆಗೆ ಕಳಿಸಿ. ನಿಲ್ಲದಿದ್ದರೆ ಅಮ್ಮ, ಆಗ ಬೇಕಾದರೆ ಬಡಿಯಿರಿ. ‘ಮೊದ್ಲು ಬೆಲ್ಲ, ಆಮ್ಯಾಲ ಹಲಿಗಿ’ ಅಂತ ಆಕೆ ಹೇಳಿ ಹೇಳಿ ಊರಿನವರ ಕಿವಿ ತೂತಾಯಿತು. ಹಲಗೆಯವನಿಗೆ ಮೊದಮೊದಲು ಇದು ಸರಿಬರಲಿಲ್ಲ. ‘ಬೆಲ್ಲ ತಿಂದ್ರ ಅಮ್ಮ ಸಿಟ್ಟಾಗಲ್ಲೇನಬೇ’ ಅಂದ. ‘ಅಮ್ಮಗ ಬೆಲ್ಲ ಬ್ಯಾಡಾಗಿದ್ರ ನೈವೇದ್ಯಕ್ಕ ಯಾಕ ಇಡ್ತೀರಿ’ ಅಂದಳು. ಅವನು ಹಲಗೆ ಕಾಯಿಸಲು ಎದ್ದುಹೋದ.

ಇದಾದ ಕೆಲವು ದಿನಕ್ಕೆ ನೆಗೆಣ್ಣಿ ಹಿತ್ತಲ ಬಾಗಿಲಿನಿಂದ ಬಂದು, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡು, ‘ನಂದೂ ಒಂದ್ಸಲ ರಕ್ತ ತೋರಿಸಿಕೊಂಡು ಬರೂಣು’ ಅಂದಳು. ಈಗ ನೆಗೆಣ್ಣಿ ತಾನಾಗಿಯೇ ಅದನ್ನು ಊರಿಗೆಲ್ಲ ಹೇಳಿಕೊಂಡಿರುವುದರಿಂದ ನಾನೂ ಬರೆಯುತ್ತಿದ್ದೇನೆ. ಮೂವರೂ ಹೋದೆವು. ಪರೀಕ್ಷೆ ಮಾಡಿದರು. ನೆಗೆಣ್ಣಿಗೆ ಶುಗರ್ ಇರಲೇ ಇಲ್ಲ. ಅಂದ ಮೇಲೆ ಆಕೆಯ ಮೈಮೇಲೆ ಬರುವುದು ಅಮ್ಮನೇ ಇರಬೇಕು. ನನಗ್ಯಾಕೆ ಆ ಉಸಾಬರಿ. ಈಕೆ ಮಾತ್ರ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ನಕ್ಕಳು. ‘ನೋಡಿದ್ಯಾ, ಚಾ ಕುಡಿಯೋರ ಮ್ಯಾಲೇ ಬರ್ತಾಳ’ ಅಂದಳು.

ಆಮೇಲೆ ಆಕೆ ಪರೀಕ್ಷೆಗೆ ಎರಡು ದಿನ ಓದುವುದನ್ನು ಬಿಟ್ಟಳು. ‘ನಾಪಾಸಾದ್ರೂ ಖರೇ ನಂಬರ್ ಬರ್ಲಿ’ ಅಂದಳು. ಶುಕ್ರವಾರ ಬೆಳಿಗ್ಗೆ ಗುಳಿಗೆಯ ಹಿಂದೆಯೇ ಒಂದು ರೊಟ್ಟಿ ತಿನ್ನುತ್ತಿದ್ದಳು, ‘ಅಮ್ಮಗ ಹೇಳೀನಿ, ಒಪ್ಪ್ಯಾಳ’ ಅಂತ. ರೊಟ್ಟಿ ಕಡಿಮೆಯಾದವು, ಬಡಿಯುವ ಸದ್ದು ಕಡಿಮೆಯಾಗಲಿಲ್ಲ. ಪ್ರಸಾದ ಎರಡು ಬೆರಳಿಗೆ ಇಳಿಯಿತು. ಮೈಸೂರುಪಾಕು ಪೂರ್ತಿ ಬಿಟ್ಟಳು ಅಂತ ನಾನು ಹೇಳಲಾರೆ. ಜನರ ಕಾಲು ನೋಡಿ, ಗಾಯ ಇದ್ದರೆ ‘ಶುಗರ್ ನೋಡಿಸ್ಕೊಂಡ್ಯಾ’ ಅಂತ ದಾರಿಯಲ್ಲಿ ನಿಲ್ಲಿಸುತ್ತಿದ್ದಳು. ಬಹಳ ಜನಕ್ಕೆ ಅದು ಕಿರಿಕಿರಿ. ತಟ್ಟೆ ಹಿಡಿಯುವುದನ್ನು ಕೊನೆಯ ತನಕ ಬಿಡಲಿಲ್ಲ. ಆದರೆ ಹಿಡಿಯುವಾಗಿನ ಆ ಹಳೆಯ ಮುಖ ಇರಲಿಲ್ಲ. ಆರಾಮಾಗಿ ನಿಂತಿರುತ್ತಿದ್ದಳು, ನಡುವೆ ಆಕಳಿಸುತ್ತಿದ್ದಳು.

ಹೋದದ್ದು ಶುಗರಿನಿಂದಲ್ಲ. ವಯಸ್ಸಾಗಿತ್ತು, ಜ್ವರ ಬಂತು, ಹೋದಳು. ನಾನು ಅತ್ತೆನೋ ಇಲ್ಲವೋ ಅಂತ ಕೇಳಬೇಡಿ. ನನ್ನ ಒಂದು ಮೊರ ಇನ್ನೂ ಅವರ ಮನೆಯಲ್ಲೇ ಇದೆ.

ಕಳೆದ ತಿಂಗಳು ಒಂದು ಶುಕ್ರವಾರ ನಾನು ಗುಡಿಗೆ ಹೋಗಿದ್ದೆ. ಹಿಂದಿನ ದಿನದಿಂದ ಹೊಟ್ಟೆ ಸರಿ ಇರಲಿಲ್ಲ, ಬೆಳಿಗ್ಗೆ ತಿಂದದ್ದು ನಿಂತಿರಲಿಲ್ಲ, ಗುಳಿಗೆ ಮಾತ್ರ ಒಳಗೆ ಉಳಿದಿತ್ತು. ಆವತ್ತು ಉಟ್ಟದ್ದು ಒಗೆದ ಸೀರೆ, ಸೆರಗಿನಲ್ಲಿ ಬೆಲ್ಲದ ಗಂಟಿರಲಿಲ್ಲ. ಮಂಗಳಾರತಿಯ ಹೊತ್ತಿಗೆ ಕಾಲ ಕೆಳಗಿನ ಬಂಡೆ ಅಲುಗಿದ ಹಾಗಾಯಿತು. ದೀಪ ಎರಡೆರಡಾಗಿ ಕಂಡವು. ಏನೋ ಕೂಗಿದೆನಂತೆ, ಗೊತ್ತಿಲ್ಲ. ಆಮೇಲೆ ಬಾಯಿಗೆ ಏನೋ ಗಟ್ಟಿಯಾದದ್ದು ಬಂತು, ಸಿಹಿ ಹತ್ತಿತು.

‘ಚಪ್ಪರಿಸು. ನುಂಗಬ್ಯಾಡ, ಚಪ್ಪರಿಸು’ ಅನ್ನುತ್ತಿದ್ದದ್ದು ನೆಗೆಣ್ಣಿ. ಆಕೆಯ ತುರುಬು ಅರ್ಧ ಬಿಚ್ಚಿತ್ತು. ಮೈಮೇಲೆ ಬರುತ್ತಿದ್ದ ಅಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿ ಬಂದಿದ್ದಳೆಂದು ತೋರುತ್ತದೆ.

ಕಣ್ಣು ತಿಳಿಯಾದಾಗ ನೋಡಿದೆ. ಗುಡಿ ತುಂಬ ಜನ, ಒಬ್ಬರೂ ಕೈ ಮುಗಿದಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತ ನಿಂತಿದ್ದಾರೆ, ಬೆಲ್ಲ ಕರಗಲಿ ಅಂತ. ಹಲಗೆಯವನು ಕೋಲು ಮೇಲೆತ್ತಿ ಹಿಡಿದವನು ಹಾಗೇ ಹಿಡಿದುಕೊಂಡಿದ್ದ.

‘ಏನು ಹಂಗ ನೋಡ್ತೀರಿ, ನನಗ ಊಟ ಬೇಕು’ ಅಂದೆ.

‘ಅಮ್ಮ ಅಲ್ಲ’ ಅಂದಳು ನೆಗೆಣ್ಣಿ. ಹಲಗೆಯವನು ಕೋಲು ಇಳಿಸಿದ.